ಇಸಿಜಿ ನಾರ್ಮಲ್ ಬಂದ ಮೇಲೆ: ದೇಹದ ಒತ್ತಡ ಪ್ರತಿಕ್ರಿಯೆಯನ್ನು ಅರಿತು ಮನೋಚಿಕಿತ್ಸೆ ಪಡೆಯುವ ಸಮಗ್ರ ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರನ್ನು ಕಲ್ಪಿಸಿಕೊಳ್ಳೋಣ. ಅಕ್ಟೋಬರ್‌ನಲ್ಲಿ ಬಳ್ಳಿ ಸವರಿಸಿದ್ದಾರೆ. ಹೂವು ಬಿಡುವ ಹೊತ್ತಿಗೆ ಸರಿಯಾಗಿ ಮೋಡ ಕವಿದಿದೆ. ಈಗ ಮಳೆ ಬಿದ್ದರೆ ಡೌನಿ ರೋಗ ತಗುಲಿ ಗೊಂಚಲುಗಳು ಕೈಗೆ ಹತ್ತುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಥಟ್ಟನೆ ಎಚ್ಚರವಾಗುತ್ತದೆ, ಎದೆ ಹಾರತೊಡಗುತ್ತದೆ, ಅಂಗೈ ಬೆವರುತ್ತದೆ, ಎಷ್ಟು ಎಳೆದುಕೊಂಡರೂ ಉಸಿರು ಸಾಲುವುದಿಲ್ಲ. ಮಗ ಗಾಬರಿಯಾಗಿ ನಗರದ ದವಾಖಾನೆಗೆ ಕರೆತರುತ್ತಾನೆ. ಇಸಿಜಿ ತೆಗೆದು ನೋಡಿದ ವೈದ್ಯರು "ಏನೂ ಇಲ್ರಿ, ಟೆನ್ಷನ್ ತಗೋಬ್ಯಾಡ್ರಿ" ಎಂದು ಹೇಳಿ ಕಳಿಸುತ್ತಾರೆ. ಹದಿನೈದು ದಿನಗಳ ನಂತರ ಅದೇ ಹೊತ್ತಿಗೆ, ಅದೇ ದವಾಖಾನೆಗೆ, ಅದೇ ಕಾರಿನಲ್ಲಿ ಅವರು ಮತ್ತೆ ಬರುತ್ತಾರೆ.

ಈ "ಏನೂ ಇಲ್ಲ" ಎಂಬ ಮಾತು ಹೃದಯದ ಮಟ್ಟಿಗೆ ನಿಜವಾಗಿರಬಹುದು, ಆದರೆ ಮಲಗಿದ್ದ ಮನುಷ್ಯನ ಎದೆ ಹಾರಿದ್ದು ನಿಜ, ಬೆವರು ಬಂದದ್ದು ನಿಜ, ಸಾಯುತ್ತೇನೆಂಬ ಭಯ ಹುಟ್ಟಿದ್ದೂ ನಿಜ. ಇವನ್ನೆಲ್ಲ ಮಾಡಿದ್ದು ದೇಹದೊಳಗಿನ ಒಂದು ವ್ಯವಸ್ಥೆ. ಅದು ಕೆಟ್ಟುಹೋಗಿಲ್ಲ, ಕೆಲಸ ಮಾಡಬಾರದ ಹೊತ್ತಿನಲ್ಲಿ ಕೆಲಸ ಮಾಡುವುದನ್ನು ಕಲಿತುಬಿಟ್ಟಿದೆ. ಕಲಿತದ್ದಾದ್ದರಿಂದಲೇ ಅದಕ್ಕೆ ಬೇರೆಯದನ್ನು ಕಲಿಸಲು ಸಾಧ್ಯವಿದೆ, ಮತ್ತು ಮನೋಚಿಕಿತ್ಸೆ ಎಂಬುದು ಮುಖ್ಯವಾಗಿ ಈ ಕಲಿಸುವ ಕೆಲಸವೇ ಆಗಿದೆ. ಬುದ್ಧಿಮಾತು ಕೇಳಲು ಯಾರೂ ದುಡ್ಡು ಕೊಟ್ಟು ಹೋಗಬೇಕಿಲ್ಲ. ಅದು ಕಟ್ಟೆಯ ಮೇಲೆ ಬೇಕಾದಷ್ಟು ಪುಕ್ಕಟೆ ಸಿಗುತ್ತದೆ. ಕೆಳಗಿನ ಹೆಜ್ಜೆಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸುವುದು ಒಳ್ಳೆಯದು, ಏಕೆಂದರೆ ಮೊದಲನೆಯದನ್ನು ಬಿಟ್ಟು ಮುಂದಕ್ಕೆ ಹಾರುವುದು ಅಪಾಯಕರ.

ಮೊದಲನೆಯ ಹೆಜ್ಜೆ: ದೇಹದ ರೋಗ ಇದೆಯೇ ಎಂದು ಒಮ್ಮೆ ಸರಿಯಾಗಿ ನೋಡಿಸಿಕೊಳ್ಳಿ

ಎದೆಯ ಮೇಲೆ ಭಾರ ಹೇರಿದಂತಹ ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡಿದರೆ, ಮೆಟ್ಟಿಲು ಹತ್ತುವಾಗ ಹೆಚ್ಚಾಗಿ ಕುಳಿತಾಗ ಕಡಿಮೆಯಾದರೆ, ಜೊತೆಗೆ ತಣ್ಣನೆಯ ಬೆವರು ಅಥವಾ ವಾಂತಿ ಇದ್ದರೆ, ಈ ಲೇಖನವನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ, ಕೇವಲ ವಿಪರೀತ ಸುಸ್ತು ಅಥವಾ ಉಸಿರಾಟದ ತೊಂದರೆಯ ರೂಪದಲ್ಲಿಯೂ ಬರಬಹುದು. ಆದ್ದರಿಂದ "ಇದು ಟೆನ್ಷನ್ನೇ ಇರಬೇಕು" ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಸರಿಯಲ್ಲ.

ಒತ್ತಡದ ಲಕ್ಷಣಗಳನ್ನೇ ಹೋಲುವ ಬೇರೆ ಕಾರಣಗಳೂ ಇವೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ಕೈನಡುಕ ಮತ್ತು ಬೆವರು ಮೂರೂ ಬರುತ್ತವೆ. ರಕ್ತ ಕಡಿಮೆ ಇದ್ದರೆ ನಾಲ್ಕು ಹೆಜ್ಜೆಗೇ ಎದೆ ಹಾರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಇಳಿದು ನಡುಕ ಹುಟ್ಟುತ್ತದೆ. ದಮ್ಮಿಗೆ ಎಳೆಯುವ ಕೆಲವು ಔಷಧಗಳೂ ಇದನ್ನೇ ಮಾಡುತ್ತವೆ. ಬಿಪಿ, ಇಸಿಜಿ, ಹಿಮೊಗ್ಲೋಬಿನ್, ಸಕ್ಕರೆ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಇಷ್ಟನ್ನು ಒಬ್ಬ ವೈದ್ಯರ ಸಲಹೆಯಂತೆ ಒಂದು ಸಲ ಮಾಡಿಸಿದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಆ ಒಂದು ಸಲದ ನಂತರ, ಹೊಸ ಲಕ್ಷಣ ಕಾಣಿಸಿಕೊಳ್ಳದ ಹೊರತು, ಪ್ರತಿ ವಾರ ಬೇರೆ ಬೇರೆ ಕಡೆ ಇಸಿಜಿ ತೆಗೆಸುತ್ತ ಹೋಗಬಾರದು. ರಿಪೋರ್ಟ್ ಕೈಗೆ ಬಂದಾಗ ಎರಡು ದಿನ ಸಮಾಧಾನ ಸಿಗುತ್ತದೆ, ಮೂರನೆಯ ದಿನ ಸಂಶಯ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ.

ಎರಡನೆಯ ಹೆಜ್ಜೆ: ಒಳಗೆ ಏನಾಗುತ್ತದೆ ಎಂಬುದನ್ನು ಗಳಿಗೆ ಗಳಿಗೆಯಾಗಿ ತಿಳಿದುಕೊಳ್ಳಿ

ಸಂಜೆಗತ್ತಲಲ್ಲಿ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೀರಿ. ಕಾಲ ಬಳಿ ಕಪ್ಪನೆಯ ಡ್ರಿಪ್ ಪೈಪಿನ ತುಂಡು ಸುರುಳಿಯಾಗಿ ಬಿದ್ದಿದೆ. ಅದು ಪೈಪು ಎಂದು ಗೊತ್ತಾಗುವ ಮೊದಲೇ ನೀವು ಹಿಂದಕ್ಕೆ ಜಿಗಿದಿರುತ್ತೀರಿ. ಹಗ್ಗವನ್ನು ಹಾವೆಂದು ಭ್ರಮಿಸುವ ಹಳೆಯ ವೇದಾಂತದ ದೃಷ್ಟಾಂತಕ್ಕೆ ಮಿದುಳಿನಲ್ಲಿ ನಿಜವಾಗಿಯೇ ಒಂದು ಜಾಗವಿದೆ: ಕಿವಿಯ ಹತ್ತಿರ, ಮಿದುಳಿನ ಒಳಭಾಗದಲ್ಲಿ ಬಾದಾಮಿಯಷ್ಟಿರುವ ಅಮಿಗ್ಡಲ. ಕಣ್ಣಿನಿಂದ ಬಂದ ಸುದ್ದಿ ಪೂರ್ತಿ ವಿಚಾರಣೆಯಾಗುವುದನ್ನು ಅದು ಕಾಯುವುದಿಲ್ಲ. ಪೈಪನ್ನು ಹಾವೆಂದು ತಿಳಿದು ಜಿಗಿದರೆ ನಷ್ಟ ಏನೂ ಇಲ್ಲ, ಹಾವನ್ನು ಪೈಪೆಂದು ತಿಳಿದು ತುಳಿದರೆ ಪ್ರಾಣವೇ ಹೋಗುತ್ತದೆ; ಆದ್ದರಿಂದ ತಪ್ಪು ಮಾಡುವುದಾದರೆ ಹೆದರಿಕೆಯ ಕಡೆಗೇ ಮಾಡುವಂತೆ ಈ ವ್ಯವಸ್ಥೆ ರೂಪುಗೊಂಡಿದೆ.

ಮೊದಲ ಕೆಲವು ಸೆಕೆಂಡುಗಳಲ್ಲಿ, ಅಪಾಯಕ್ಕೆ ದೇಹವನ್ನು ಸಜ್ಜುಗೊಳಿಸುವ ಅನುವೇದನಾ (ಸಿಂಪಥೆಟಿಕ್) ನರವ್ಯೂಹ ಚುರುಕಾಗುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮ ಮತ್ತು ಹೊಟ್ಟೆಯಿಂದ ರಕ್ತ ಹಿಂದೆ ಸರಿದು ತೊಡೆ ತೋಳುಗಳ ದೊಡ್ಡ ಸ್ನಾಯುಗಳಿಗೆ ಹರಿಯುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಹೋರಾಡಲು ಇಲ್ಲವೇ ಓಡಿಹೋಗಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ನಮ್ಮ ಭಾಗದ ಜನ ಅವರ ಹೆಸರು ಕೇಳದೆಯೂ ಇದನ್ನು ಅಷ್ಟೇ ಸ್ಪಷ್ಟವಾಗಿ ಹೇಳುತ್ತಾರೆ. "ಹೊಟ್ಟ್ಯಾಗ ತಳಮಳ" ಎಂದರೆ ಕರುಳಿನ ಕೆಲಸ ಅಸ್ತವ್ಯಸ್ತವಾದದ್ದು, "ಕೈಕಾಲು ತಣ್ಣಗಾದ್ವು" ಎಂದರೆ ಚರ್ಮದ ರಕ್ತನಾಳಗಳು ಸಂಕುಚಿಸಿದ್ದು, "ಬಾಯಿ ಆರಿ ಬಂತು" ಎಂದರೆ ಜೊಲ್ಲು ಕಡಿಮೆಯಾದದ್ದು.

ಉಸಿರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಹೆದರಿಸುವುದು ಅದೇ. ಓಡಲು ಸಿದ್ಧವಾದ ದೇಹ ವೇಗವಾಗಿ ಉಸಿರಾಡುತ್ತದೆ, ಆದರೆ ಮನುಷ್ಯ ಮಂಚದ ಮೇಲೆ ಸುಮ್ಮನೆ ಕುಳಿತಿದ್ದಾನೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಕಡಿಮೆಯಾಗಿ, ಮಿದುಳಿನ ರಕ್ತನಾಳಗಳು ಸ್ವಲ್ಪ ಬಿಗಿದುಕೊಳ್ಳುತ್ತವೆ. ತಲೆ ತಿರುಗುತ್ತದೆ, ತುಟಿ ಮತ್ತು ಬೆರಳ ತುದಿಗಳು ಜುಮ್ಮೆನ್ನುತ್ತವೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತದೆ. ಗಾಳಿ ಸಾಲುತ್ತಿಲ್ಲವೆಂದು ತಿಳಿದು ಆತ ಇನ್ನೂ ಜೋರಾಗಿ ಉಸಿರೆಳೆಯುತ್ತಾನೆ, ಲಕ್ಷಣಗಳು ಇನ್ನೂ ಹೆಚ್ಚುತ್ತವೆ. ಗಾಳಿ ಹೆಚ್ಚಾದದ್ದರಿಂದಲೇ ಗಾಳಿ ಸಾಲದಂತೆ ಅನ್ನಿಸುವ ಈ ವಿಚಿತ್ರವನ್ನು ಒಮ್ಮೆ ತಿಳಿದುಕೊಂಡವರಲ್ಲಿ ಅನೇಕರಿಗೆ ಅರ್ಧ ಹೆದರಿಕೆ ಅಲ್ಲಿಯೇ ಇಳಿಯುತ್ತದೆ.

ಎರಡನೆಯ ಅಲೆ ನಿಧಾನವಾಗಿ ಬರುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್‌ನ ಹೊರಪದರಕ್ಕೆ ರಾಸಾಯನಿಕ ಸಂದೇಶ ಕಳಿಸಿ, ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಒತ್ತಡ ಆರಂಭವಾದ ಸುಮಾರು 20ರಿಂದ 30 ನಿಮಿಷಗಳಲ್ಲಿ ಅದರ ಪ್ರಮಾಣ ತುದಿ ಮುಟ್ಟುತ್ತದೆ. ಅದು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ, ಉರಿಯೂತವನ್ನು ತಡೆಹಿಡಿಯುತ್ತದೆ, ಮತ್ತು ಸಾಕಷ್ಟಾದ ಮೇಲೆ ಮಿದುಳಿಗೆ ಮರಳಿ "ಇನ್ನು ಸಾಕು" ಎಂದು ತಿಳಿಸಿ ತಾನೇ ತನ್ನ ಉತ್ಪಾದನೆಯನ್ನು ನಿಲ್ಲಿಸುತ್ತದೆ. ಜಗಳ ಮುಗಿದು ಅರ್ಧ ತಾಸಾದರೂ ಮೈ ಕುದಿಯುತ್ತಲೇ ಇರುವುದಕ್ಕೆ ಈ ನಿಧಾನಗತಿಯೂ ಒಂದು ಕಾರಣ. ಕಾರ್ಟಿಸಾಲ್ ಪ್ರತಿದಿನವೂ ಬೆಳಿಗ್ಗೆ ಎದ್ದ ಮೇಲೆ ಏರಿ ನಡುರಾತ್ರಿಯ ಹೊತ್ತಿಗೆ ಇಳಿಯುವ ಸಹಜ ವಸ್ತು, ಅದನ್ನು ವಿಷವೆಂಬಂತೆ ಚಿತ್ರಿಸುವ ಮೊಬೈಲ್ ವಿಡಿಯೊಗಳನ್ನು ನಂಬಬೇಕಾಗಿಲ್ಲ.

ತೊಂದರೆ ಇರುವುದು ಆರದ ಬೆಂಕಿಯಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಸಂಶೋಧಕ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದಂತೆ, ಒತ್ತಡದ ಕಾರಣ ಯಾವುದೇ ಇರಲಿ, ದೇಹ ಮೊದಲು ಎಚ್ಚೆತ್ತುಕೊಳ್ಳುತ್ತದೆ, ನಂತರ ತಾಳಿಕೊಳ್ಳುತ್ತದೆ, ಬಹುಕಾಲ ಮುಂದುವರಿದರೆ ಸೋತು ಬೀಳುತ್ತದೆ. ಹೀಗೆ ತಾಳಿಕೊಳ್ಳುವುದಕ್ಕಾಗಿಯೇ ದೇಹ ತೆರುವ ಬೆಲೆಗೆ 1993ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬ್ರೂಸ್ ಮೆಕ್‌ಇವೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು "ಸವಕಳಿಯ ಹೊರೆ" ಎನ್ನಬಹುದು. ಮೂರು ವರ್ಷ ಸಾಲದ ಕಂತಿನ ಚಿಂತೆಯಲ್ಲಿ ಮಲಗಿದವರ ಬಿಪಿ, ನಿದ್ದೆ, ಜೀರ್ಣಶಕ್ತಿ, ನೆನಪು, ಸಿಟ್ಟು ಎಲ್ಲದರ ಮೇಲೂ ಈ ಹೊರೆ ಕಾಣುತ್ತದೆ.

ಕೊನೆಯದಾಗಿ, ಹೆದರಿಕೆ ಹೇಗೆ ಜಾಗ ಬದಲಿಸುತ್ತದೆ ಎಂಬುದು. ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಮೊದಲು ಹೆದರಿಕೆ ಇದ್ದದ್ದು ಮಳೆಯ ಬಗ್ಗೆ. ಎರಡು ಸಲ ದವಾಖಾನೆಗೆ ಹೋಗಿಬಂದ ಮೇಲೆ ಹೆದರಿಕೆ ಎದೆಬಡಿತದ ಬಗ್ಗೆಯೇ ಹುಟ್ಟುತ್ತದೆ. ಮೆಟ್ಟಿಲು ಹತ್ತಿದ್ದಕ್ಕೆ ಎದೆ ಬಡಿದರೂ "ಮತ್ತೆ ಶುರುವಾಯಿತು" ಎನ್ನುವ ವಿಚಾರ ಬರುತ್ತದೆ, ಆ ವಿಚಾರದಿಂದ ಅಡ್ರಿನಾಲಿನ್ ಏರುತ್ತದೆ, ಅದರಿಂದ ಬಡಿತ ಇನ್ನೂ ಹೆಚ್ಚುತ್ತದೆ. ಪ್ಯಾನಿಕ್ ಎಂದು ಕರೆಯುವ ತೀವ್ರ ಗಾಬರಿಯ ಈ ಸುಳಿಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು, ಮತ್ತು ಇಂದಿನ ಚಿಕಿತ್ಸೆ ಬಹುಮಟ್ಟಿಗೆ ಈ ಸುಳಿಯನ್ನು ಎಲ್ಲಿ ಕಡಿಯಬೇಕು ಎಂಬುದರ ಸುತ್ತಲೇ ಇದೆ.

ಮೂರನೆಯ ಹೆಜ್ಜೆ: ಎರಡು ವಾರ ಬರೆದಿಡಿ

ಚಿಕಿತ್ಸಕರ ಬಳಿ ಹೋಗುವ ಮೊದಲೇ ಇದನ್ನು ಶುರು ಮಾಡಬಹುದು. ಒಂದು ಸಾದಾ ನೋಟ್‌ಬುಕ್ ಸಾಕು. ಪ್ರತಿ ಸಲ ಮೈಯಲ್ಲಿ ಅಲೆ ಎದ್ದಾಗ ನಾಲ್ಕು ಸಂಗತಿ ಬರೆಯಿರಿ: ಎಲ್ಲಿದ್ದಿರಿ ಮತ್ತು ಏನು ನಡೆಯುತ್ತಿತ್ತು, ಮೈಯಲ್ಲಿ ಏನಾಯಿತು, ಆ ಗಳಿಗೆಯಲ್ಲಿ ತಲೆಯಲ್ಲಿ ಹೊಳೆದ ಮಾತು ಯಾವುದು, ನಂತರ ಏನು ಮಾಡಿದಿರಿ. ಉದಾಹರಣೆಗೆ: "ಮಂಗಳವಾರ, ಬ್ಯಾಂಕಿನಿಂದ ಫೋನ್ ಬಂತು. ಎದಿ ಡಬಡಬ ಅಂತು, ಕೈ ನಡುಗಿದ್ವು. ಊರ ಮುಂದ ಮಾನ ಹೋತು ಅನಿಸ್ತು. ಫೋನ್ ಕಟ್ ಮಾಡಿ ಮಲಗಿದೆ."

ಪುಸ್ತಕದ ಭಾಷೆಗೆ ತಿದ್ದದೆ ನಿಮ್ಮ ಮಾತಿನಲ್ಲಿಯೇ ಬರೆಯಿರಿ ಎಂಬುದು ನನ್ನ ಆಗ್ರಹ. "ಆತಂಕವಾಯಿತು" ಎಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. "ಎದಿ ಹಾರಾಕತ್ತೈತಿ, ತಲಿ ಭಣಭಣ ಅಂತೈತಿ" ಎಂದರೆ ದೇಹದ ಯಾವ ಭಾಗ ಏನು ಮಾಡುತ್ತಿದೆ ಎಂಬುದು ಪೂರ್ತಿ ತಿಳಿಯುತ್ತದೆ. ಓದು ಬರಹ ಬಾರದವರು ಮನೆಯ ಒಬ್ಬರಿಂದ ಬರೆಸಬಹುದು, ಅಥವಾ ಮೊಬೈಲಿನಲ್ಲಿ ಮಾತನಾಡಿ ಇಟ್ಟುಕೊಳ್ಳಬಹುದು. ನಾಲ್ಕನೆಯ ಸಂಗತಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೆದರಿಕೆಯನ್ನು ಸಾಕಿ ಬೆಳೆಸುವುದು ಹೆಚ್ಚಾಗಿ ಹೆದರಿಕೆಯ ನಂತರ ನಾವು ಮಾಡುವ ಕೆಲಸವೇ.

ನಾಲ್ಕನೆಯ ಹೆಜ್ಜೆ: ದೇಹದ ಕಡೆಯಿಂದ ಲಗಾಮು ಹಿಡಿಯಿರಿ

ಉಸಿರು ಒಳಗೆ ಎಳೆದುಕೊಂಡಾಗ ಹೃದಯ ತುಸು ವೇಗವಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ. ಇದು ವೇಗಸ್ ಎಂಬ ನರದ ಕೆಲಸ. ಆದ್ದರಿಂದ ಉಸಿರು ಬಿಡುವ ಅವಧಿಯನ್ನು ಉದ್ದ ಮಾಡಬೇಕು. ಮೂಗಿನಿಂದ ನಾಲ್ಕು ಎಣಿಸುವವರೆಗೆ ಸಾವಕಾಶ ಒಳಗೆ, ಆರು ಎಣಿಸುವವರೆಗೆ ಹೊರಗೆ, ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ, ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ. ಗಾಬರಿಯಾದಾಗ ಮಾತ್ರ ಮಾಡಿದರೆ ಫಲ ಕಡಿಮೆ. ಈಜನ್ನು ಹೊಳೆಗೆ ಬಿದ್ದ ಮೇಲೆ ಕಲಿಯಲಾಗುವುದಿಲ್ಲ. ಶ್ರಾವಣದಲ್ಲಿ ಗುಡಿಯಲ್ಲಿ ಕುಳಿತು ಭಜನೆಯ ಸಾಲನ್ನು ಎಳೆದೆಳೆದು ಹಾಡುವವರು ಗೊತ್ತಿಲ್ಲದೆಯೇ ಇದೇ ಅಭ್ಯಾಸ ಮಾಡುತ್ತಿರುತ್ತಾರೆ, ಹಾಗೆ ಹಾಡುವವರಿಗೆ ನಾನು ಬೇರೆ ವ್ಯಾಯಾಮ ಹೇಳಲು ಹೋಗುವುದಿಲ್ಲ.

ಸ್ನಾಯುಗಳದ್ದೂ ಅದೇ ಲೆಕ್ಕ. ಮುಷ್ಟಿ, ಭುಜ, ದವಡೆ, ಹೊಟ್ಟೆ, ಕಾಲು ಎಂದು ಒಂದೊಂದನ್ನೇ ಐದು ಸೆಕೆಂಡು ಬಿಗಿಹಿಡಿದು ಹದಿನೈದು ಸೆಕೆಂಡು ಸಡಿಲ ಬಿಡುವ ಕ್ರಮವು ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1920ರ ದಶಕದಿಂದ ಬೆಳೆಸಿದ ಪದ್ಧತಿಯ ಸರಳ ರೂಪ. ಇಳಕಲ್ಲಿನ ಅಥವಾ ರಬಕವಿ-ಬನಹಟ್ಟಿಯ ನೇಕಾರರಂತೆ ದಿನವಿಡೀ ಭುಜ ಕತ್ತು ಬಿಗಿಹಿಡಿದು ದುಡಿಯುವವರಿಗೆ ಇದು ಉಸಿರಿನ ಅಭ್ಯಾಸಕ್ಕಿಂತ ಬೇಗ ಹಿಡಿಸಬಹುದು.

ಚಹಾ ಮತ್ತು ತಂಬಾಕಿನ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಹೇಳಲೇಬೇಕು. ಚಹಾದಲ್ಲಿನ ಕೆಫೀನಿನ ಅರ್ಧಭಾಗ ದೇಹದಿಂದ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಏಳಕ್ಕೆ ಕುಡಿದ ಚಹಾ ನಡುರಾತ್ರಿಯಲ್ಲಿಯೂ ಒಳಗೆ ಇರುತ್ತದೆ. ತಂಬಾಕು, ಗುಟ್ಕಾಗಳಲ್ಲಿನ ನಿಕೋಟಿನ್ ಹೃದಯದ ವೇಗವನ್ನು ಹೆಚ್ಚಿಸುತ್ತದೆ. "ಸುಣ್ಣ ತಂಬಾಕು ಹಾಕಿದ ಕೂಡಲೇ ತಲಿ ಹಗುರ ಆಗತೈತಿ" ಎನ್ನುವವರಿಗೆ ಸಿಗುವ ಸಮಾಧಾನವು ಹೆಚ್ಚಾಗಿ ಹಿಂದಿನ ಸಲದ ನಿಕೋಟಿನ್ ಇಳಿದು ಹುಟ್ಟಿದ ಚಡಪಡಿಕೆ ನಿಂತದ್ದರ ಸಮಾಧಾನ. ಸಾರಾಯಿ ನಿದ್ದೆ ತರಿಸಿದಂತೆ ಮಾಡಿ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆ ಒಡೆಯುತ್ತದೆ. ಇನ್ನು ನಿದ್ದೆಯ ಬಗ್ಗೆ ಒಂದೇ ಮಾತು: ಮಲಗುವ ಹೊತ್ತು ಹೆಚ್ಚುಕಡಿಮೆಯಾದರೂ ಏಳುವ ಹೊತ್ತು ಪ್ರತಿದಿನ ಒಂದೇ ಇರಲಿ.

ಐದನೆಯ ಹೆಜ್ಜೆ: ಯಾರ ಬಳಿ ಹೋಗಬೇಕು

ಮೇಲಿನದನ್ನೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ಕೆಲಸ, ನಿದ್ದೆ, ಊಟ ದಾರಿಗೆ ಬರದಿದ್ದರೆ ಅಥವಾ ಲಕ್ಷಣಗಳು ಮೊದಲೇ ತೀವ್ರವಾಗಿದ್ದರೆ ತಜ್ಞರ ಬಳಿ ಹೋಗಬೇಕು. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನೋಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದವರು. ನೋಂದಣಿ ಸಂಖ್ಯೆ ಕೇಳುವುದು ಅವಮಾನದ ಮಾತಲ್ಲ. ಆಪ್ತಸಮಾಲೋಚಕರ ತರಬೇತಿ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುತ್ತದೆ. ಎರಡು ದಿನದ ಶಿಬಿರ ಮುಗಿಸಿ ಬೋರ್ಡು ಹಾಕಿಕೊಂಡವರೂ ಇರಬಹುದಾದ್ದರಿಂದ, ಏನು ಓದಿದ್ದೀರಿ, ಯಾರ ಮಾರ್ಗದರ್ಶನದಲ್ಲಿ ಕಲಿತಿರಿ ಎಂದು ನೇರವಾಗಿ ಕೇಳಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಮನೋವೈದ್ಯ ವಿಭಾಗವನ್ನು ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ಕೇಳಿಕೊಂಡು ಹೋದರೆ ಬಸ್ ಚಾರ್ಜು ಉಳಿಯುತ್ತದೆ. ಅಂದಹಾಗೆ, 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ. ಎಲ್ಲಿಗೂ ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಬದುಕುವುದೇ ಬೇಡ ಎಂಬ ವಿಚಾರ ಬರುತ್ತಿದ್ದರೆ ಅದನ್ನು ಅದೇ ದಿನ ಯಾರಿಗಾದರೂ ಹೇಳಬೇಕು, 14416ಕ್ಕೆ ಕರೆ ಮಾಡಬೇಕು ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮನೆಯವರು ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದಲೂ ತೋಟದ ಶೆಡ್ಡಿನಿಂದಲೂ ತೆಗೆದು ಬೇರೆಯವರ ಕೀಲಿಯಲ್ಲಿ ಇಡಿಸಬೇಕು. ಇಂಥ ಗಳಿಗೆಗಳು ಬಹಳ ಸಲ ಬಂದಷ್ಟೇ ಬೇಗ ಇಳಿಯುತ್ತವೆ, ಆ ಹೊತ್ತಿನಲ್ಲಿ ವಿಷ ಕೈಗೆ ಎಟುಕದಿರುವುದು ಜೀವ ಉಳಿಸುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದ್ದರಿಂದ ಪೊಲೀಸ್ ಕೇಸಿನ ಹೆದರಿಕೆಯಿಂದ ದವಾಖಾನೆ ತಪ್ಪಿಸಬೇಡಿ.

ಆರನೆಯ ಹೆಜ್ಜೆ: ಮೊದಲ ಭೇಟಿಗಳು

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 50 ನಿಮಿಷ, ವಾರಕ್ಕೊಮ್ಮೆ ಇರುತ್ತದೆ. ಅರಿವು ಮತ್ತು ವರ್ತನೆ ಎರಡರ ಮೇಲೂ ಕೆಲಸ ಮಾಡುವ ಸಿಬಿಟಿ ಎಂಬ ಚಿಕಿತ್ಸೆಗೆ ಹಲವರಿಗೆ 12ರಿಂದ 20 ಭೇಟಿ ಬೇಕಾಗುತ್ತವೆ. ನಿಮ್ಮ ನೋಟ್‌ಬುಕ್, ಹಳೆಯ ರಿಪೋರ್ಟುಗಳು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಮಾತನಾಡಿದ್ದು ಗುಟ್ಟಾಗಿ ಉಳಿಯುತ್ತದೆಯೇ ಎಂದು ಮೊದಲೇ ಕೇಳಿ. ಜೀವಕ್ಕೆ ಅಪಾಯವಿರುವಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ ಗುಟ್ಟು ಕಾಯುವುದು ಕಾನೂನಿನಂತೆಯೇ ಅವರ ಕರ್ತವ್ಯ. ಊರು ಸಣ್ಣದು, ಚಿಕಿತ್ಸಕರು ಸೋದರಮಾವನ ಪರಿಚಯದವರೇ ಆಗಿರಬಹುದು; ಹಾಗಿದ್ದರೆ ಸಂಕೋಚವಿಲ್ಲದೆ ಬೇರೆಯವರನ್ನು ಹುಡುಕಿ, ಇಲ್ಲವೇ ವಿಡಿಯೊ ಕರೆಯಲ್ಲಿ ಭೇಟಿಯಾಗಿ. ಅವರ ಕನ್ನಡ ನಿಮಗೆ ತಿಳಿಯದಿದ್ದರೆ, ಅಥವಾ ಬೆಳಗಾವಿಯಲ್ಲಿ ಮನೆಮಾತು ಮರಾಠಿಯಾಗಿದ್ದು ಅಳು ಬರುವುದು ಮರಾಠಿಯಲ್ಲಿಯೇ ಆಗಿದ್ದರೆ, ಅದನ್ನೂ ಹೇಳಿಬಿಡಿ.

ಜೊತೆಗೆ ಬಂದ ಅತ್ತೆ, ಗಂಡ ಅಥವಾ ಅಣ್ಣ ಒಳಗೆ ಕುಳಿತು ನಿಮ್ಮ ಪರವಾಗಿ ಎಲ್ಲವನ್ನೂ ಹೇಳುವುದು ನಮ್ಮಲ್ಲಿ ಸಾಮಾನ್ಯ. ಸ್ವಲ್ಪ ಹೊತ್ತಾದರೂ ಒಬ್ಬರೇ ಮಾತನಾಡಬೇಕೆಂದು ಕೇಳುವ ಹಕ್ಕು ನಿಮಗಿದೆ. ಒತ್ತಡದ ಮೂಲ ಮನೆಯೊಳಗಿನ ಹೊಡೆತ ಬಡಿತವೇ ಆಗಿದ್ದರೆ ಉಸಿರಿನ ಅಭ್ಯಾಸ ಅದಕ್ಕೆ ಉತ್ತರವಲ್ಲ. 181 ಮಹಿಳಾ ಸಹಾಯವಾಣಿಯ ನೆರವು ಮೊದಲು ಬೇಕು.

ಏಳನೆಯ ಹೆಜ್ಜೆ: ಚಿಕಿತ್ಸೆಯೊಳಗಿನ ನಿಜವಾದ ಕೆಲಸ

1960ರ ದಶಕದಲ್ಲಿ ಆ್ಯರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ರೂಪಿಸಿದ, ಸಿಬಿಟಿಗೆ ತಳಹದಿಯಾದ ಪದ್ಧತಿಯಲ್ಲಿ, ಮನಸ್ಸಿನಲ್ಲಿ ತಾನಾಗಿ ಹೊಳೆಯುವ ಮಾತುಗಳನ್ನು ಹಿಡಿದು ಪರೀಕ್ಷಿಸುತ್ತಾರೆ. ಇದನ್ನು "ಒಳ್ಳೆಯದನ್ನೇ ಯೋಚಿಸಿ" ಎಂಬ ಉಪದೇಶದೊಡನೆ ಬೆರೆಸಬಾರದು. "ಈ ಸಲ ಹೃದಯ ನಿಂತೇ ಹೋಗುತ್ತದೆ" ಎಂಬ ಮಾತು ಬಂದರೆ ಚಿಕಿತ್ಸಕರು ಅದನ್ನು ಅಲ್ಲಗಳೆಯುವುದಿಲ್ಲ. ಹಿಂದೆ ಎಷ್ಟು ಸಲ ಹೀಗನ್ನಿಸಿತ್ತು, ಪ್ರತಿಸಲ ಕೊನೆಗೆ ಏನಾಯಿತು, ತೋಟದಲ್ಲಿ ದಿನವಿಡೀ ದುಡಿಯುವಾಗ ಏಕೆ ಏನೂ ಆಗುವುದಿಲ್ಲ ಎಂದು ನಿಮ್ಮ ನೋಟ್‌ಬುಕ್ಕನ್ನೇ ಸಾಕ್ಷಿ ಮಾಡಿ ಕೇಳುತ್ತಾರೆ. ಎಲ್ಲ ಚಿಂತೆಯೂ ಭ್ರಮೆಯಲ್ಲ. ಸಾಲ ನಿಜವಾಗಿದ್ದರೆ ಅದನ್ನು ಬಿಡಿಬಿಡಿಯಾಗಿ ಮಾಡಬಹುದಾದ ಕೆಲಸಗಳಾಗಿ ಒಡೆಯುವುದು ಚಿಕಿತ್ಸೆಯ ಭಾಗವೇ: ಯಾರಿಗೆ ಎಷ್ಟು ಕೊಡಬೇಕು, ಬ್ಯಾಂಕಿಗೆ ಯಾವ ಅರ್ಜಿ ಕೊಡಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು. ಚಿಕಿತ್ಸಕರು ಸಾಲ ತೀರಿಸಲಾರರು, ಆದರೆ ಬ್ಯಾಂಕಿನ ಫೋನ್ ಕಟ್ ಮಾಡಿ ಮಲಗುತ್ತಿದ್ದ ಮನುಷ್ಯ ಎದ್ದು ಬ್ಯಾಂಕಿಗೆ ಹೋಗುವಂತೆ ಮಾಡಬಲ್ಲರು.

ಎರಡನೆಯ ಕೆಲಸ ಹೆದರಿಕೆಯನ್ನು ಎದುರಿಸುವುದು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಫಲ ಇರುವುದು ಇಲ್ಲಿ, ಜನ ನಡುವೆ ಬಿಟ್ಟುಹೋಗುವುದೂ ಇಲ್ಲಿಯೇ. ಬಾಗಲಕೋಟೆಯ ಒಬ್ಬ ಶಿಕ್ಷಕಿಗೆ ಬಸ್ಸಿನಲ್ಲಿ ಒಮ್ಮೆ ತೀವ್ರ ಗಾಬರಿಯಾಗಿ, ಅಂದಿನಿಂದ ಬೆಳಗಾವಿಯ ತವರಿಗೆ ಹೋಗುವುದೇ ನಿಂತಿದೆ ಎಂದಿಟ್ಟುಕೊಳ್ಳಿ. ಅವರು ಚಿಕಿತ್ಸಕರೊಡನೆ ಕುಳಿತು ಮೆಟ್ಟಿಲುಗಳನ್ನು ಬರೆಯುತ್ತಾರೆ. ಮೊದಲು ನವನಗರದ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ಕುಳಿತುಕೊಳ್ಳುವುದು, ನಂತರ ನಿಂತ ಬಸ್ಸಿನೊಳಗೆ ಹತ್ತಿ ಕೂರುವುದು, ಆಮೇಲೆ ಗದ್ದನಕೇರಿ ಕ್ರಾಸ್‌ವರೆಗೆ, ಕಲಾದಗಿವರೆಗೆ, ಲೋಕಾಪುರದವರೆಗೆ, ಯರಗಟ್ಟಿವರೆಗೆ, ಕೊನೆಗೆ ಬೆಳಗಾವಿ. ಮೊದಮೊದಲು ಗಂಡನೊಡನೆ, ನಂತರ ಒಬ್ಬರೇ. ಪ್ರತಿ ಮೆಟ್ಟಿಲಿಗೆ ಮೊದಲು ಭವಿಷ್ಯ ಬರೆಯಬೇಕು: "ಕಲಾದಗಿ ಮುಟ್ಟುವುದರೊಳಗೆ ಎಚ್ಚರ ತಪ್ಪಿ ಬೀಳುತ್ತೇನೆ, ನೂರಕ್ಕೆ 80 ಖಾತ್ರಿ." ಇಳಿದ ಮೇಲೆ ಏನಾಯಿತೆಂದು ಬರೆಯಬೇಕು. ಎಚ್ಚರ ತಪ್ಪುವುದು ರಕ್ತದೊತ್ತಡ ಇಳಿದಾಗ, ಗಾಬರಿಯಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ. ಆದ್ದರಿಂದ ರಕ್ತ, ಸೂಜಿ ಕಂಡರೆ ಬವಳಿ ಬರುವವರನ್ನು ಬಿಟ್ಟರೆ ಗಾಬರಿಯಿಂದ ಬೀಳುವವರು ಅಪರೂಪ. ಆದರೆ ಈ ಮಾತನ್ನು ನಾನು ಹೇಳುವುದಕ್ಕಿಂತ ಆ ಶಿಕ್ಷಕಿಯ ದೇಹ ಕಲಾದಗಿಯ ಸ್ಟಾಪಿನಲ್ಲಿ ತಾನೇ ಕಂಡುಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಹೆದರಿಕೆ ತುದಿಯಲ್ಲಿರುವಾಗಲೇ ಬಸ್ಸಿನಿಂದ ಇಳಿದುಬಿಟ್ಟರೆ, "ಇಳಿದದ್ದರಿಂದ ಬದುಕಿದೆ" ಎಂಬ ಪಾಠವನ್ನು ದೇಹ ಕಲಿಯುತ್ತದೆ. ಕೈಯಲ್ಲಿ ನೀರಿನ ಬಾಟಲಿ, ಕಿಸೆಯಲ್ಲಿ ಮಾತ್ರೆ, ಬಾಗಿಲ ಪಕ್ಕದ ಸೀಟು ಇವೆಲ್ಲ ಊರುಗೋಲುಗಳು. ಅವನ್ನು ಒಂದೊಂದಾಗಿ ಬಿಡದಿದ್ದರೆ ಯಶಸ್ಸಿನ ಶ್ರೇಯಸ್ಸೆಲ್ಲ ಬಾಟಲಿಗೇ ಹೋಗುತ್ತದೆ. ಎರಡನೆಯದಾಗಿ, ಈ ಅಭ್ಯಾಸ ಹಳೆಯ ಹೆದರಿಕೆಯನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆಯನ್ನು ಕೂರಿಸುತ್ತದೆ. ಎರೆ ಹೊಲದಲ್ಲಿ ಚಕ್ಕಡಿಯ ಹಳೆಯ ಜಾಡು ಹಾಗೆಯೇ ಇರುತ್ತದೆ, ಹೊಸ ಜಾಡು ಆಳವಾಗುವವರೆಗೆ ಗಾಲಿ ಹಳೆಯದಕ್ಕೇ ಜಾರುತ್ತದೆ. ಆದ್ದರಿಂದ ಒಂದೇ ಬಸ್ಸು, ಒಂದೇ ಹೊತ್ತು, ಒಂದೇ ದಾರಿಯಲ್ಲಿ ಮಾಡಿದರೆ ಸಾಲದು. ಬೇರೆ ಬಸ್ಸು, ರಾತ್ರಿ ಹೊತ್ತು, ಮಳೆಯ ದಿನ ಎಂದು ಬದಲಿಸಿ ಮಾಡಬೇಕು.

ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದವರದು ಸ್ವಲ್ಪ ಬೇರೆ ಕಥೆ. 2019ರ ಆಗಸ್ಟ್ ಪ್ರವಾಹದಲ್ಲಿ ರಾಮದುರ್ಗ, ಗೋಕಾಕ, ಮುಧೋಳ ಕಡೆ ಮನೆಯೊಳಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಪ್ರತಿ ಮಳೆಗಾಲದಲ್ಲಿ ನೀರಿನ ಸದ್ದಿಗೇ ಮೈ ನಡುಗಬಹುದು, ಕನಸಿನಲ್ಲಿ ಅದೇ ರಾತ್ರಿ ಮತ್ತೆ ಮತ್ತೆ ಬರಬಹುದು. ಆಘಾತದ ಮರುದಿನವೇ ಜನರನ್ನು ಕೂರಿಸಿ "ಎಲ್ಲವನ್ನೂ ಹೇಳಿ ಹಗುರಾಗಿ" ಎಂದು ಒತ್ತಾಯಿಸುವುದರಿಂದ ಲಾಭವಿಲ್ಲವೆಂದು ಈಗ ಗೊತ್ತಾಗಿದೆ. ಆ ಹೊತ್ತಿಗೆ ಬೇಕಾದದ್ದು ಒಣ ಬಟ್ಟೆ, ಅನ್ನ, ತಮ್ಮವರ ಸುದ್ದಿ. ತಿಂಗಳು ಕಳೆದರೂ ಲಕ್ಷಣಗಳು ಉಳಿದರೆ ಮಾತ್ರ ಆಘಾತಕ್ಕೆಂದೇ ರೂಪಿಸಿದ ಚಿಕಿತ್ಸೆ ಬೇಕು, ಅದನ್ನು ತರಬೇತಿ ಪಡೆದವರೇ ಮಾಡಬೇಕು, ನೋಟ್‌ಬುಕ್ ಹಿಡಿದು ಒಬ್ಬರೇ ಪ್ರಯತ್ನಿಸುವಂಥದ್ದಲ್ಲ.

ಔಷಧ ಬೇಕೇ ಎಂಬ ಪ್ರಶ್ನೆಗೆ ಉತ್ತರ ಮನೋವೈದ್ಯರದು. ಹೆಚ್ಚಾಗಿ ಬರೆಯುವ ಮಾತ್ರೆಗಳು ಪರಿಣಾಮ ತೋರಲು ಎರಡರಿಂದ ಆರು ವಾರ ಬೇಕು, ಅವನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಕೂಡಲೇ ನಿದ್ದೆ ತರಿಸುವ, ಕೂಡಲೇ ಗಾಬರಿ ಇಳಿಸುವ ಆಲ್ಪ್ರಜೋಲಮ್‌ನಂತಹ ಮಾತ್ರೆಗಳಿಗೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಿ ತರಿಸಿಕೊಳ್ಳುವ ರೂಢಿ ಬಿಡಬೇಕು, ಆದರೆ ಬಹುದಿನ ತೆಗೆದುಕೊಂಡವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿಯೇ ಬಿಡಬೇಕು.

ಎಂಟನೆಯ ಹೆಜ್ಜೆ: ಅಳೆಯುವುದು ಮತ್ತು ಮುಗಿಸುವುದು

ಐದಾರು ಭೇಟಿಗಳಾದ ಮೇಲೆ ಚಿಕಿತ್ಸಕರೊಡನೆ ಕುಳಿತು ಲೆಕ್ಕ ನೋಡಿ. ಆತಂಕವನ್ನು ಅಳೆಯುವ ಏಳು ಪ್ರಶ್ನೆಗಳ ಪಟ್ಟಿ, ಖಿನ್ನತೆಗೆ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಕೆಯಲ್ಲಿವೆ. ಆದರೆ ನಿಮ್ಮ ಅಳತೆಗೋಲು ನಿಮ್ಮ ಬದುಕಿನಲ್ಲಿಯೇ ಸಿಗುತ್ತದೆ: ವಾರಕ್ಕೆ ಎಷ್ಟು ರಾತ್ರಿ ಎಚ್ಚರವಾಯಿತು, ಎಷ್ಟು ಸಲ ದವಾಖಾನೆಗೆ ಓಡಿದಿರಿ, ಬಸ್ಸು ಎಲ್ಲಿಯವರೆಗೆ ಮುಟ್ಟಿತು. ಎದೆ ಎಂದೂ ಹಾರದಂತೆ ಮಾಡುವುದು ಗುರಿಯಾಗಿದ್ದರೆ ಆ ಗುರಿಯನ್ನೇ ಬದಲಿಸಬೇಕು. ಏನೂ ಬದಲಾಗಿಲ್ಲವೆಂದರೆ ಅದನ್ನು ಅವರ ಮುಖದೆದುರೇ ಹೇಳಿ. ಒಳ್ಳೆಯ ಚಿಕಿತ್ಸಕರು ಮುನಿಸಿಕೊಳ್ಳದೆ ದಾರಿ ಬದಲಿಸುತ್ತಾರೆ ಅಥವಾ ಬೇರೆಯವರ ಬಳಿ ಕಳಿಸುತ್ತಾರೆ.

ಕೊನೆಯ ಭೇಟಿಯಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಇಬ್ಬರೂ ಸೇರಿ ಬರೆಯಿರಿ. ಮೊದಲ ಸೂಚನೆಗಳು ಯಾವುವು, ಯಾವ ಅಭ್ಯಾಸ ನಿಮಗೆ ಹಿಡಿಸಿತು, ಯಾವ ಮೆಟ್ಟಿಲಿನಿಂದ ಮತ್ತೆ ಶುರು ಮಾಡಬೇಕು, ಎಷ್ಟು ದಿನ ಕಾಯಬೇಕು, ಯಾರಿಗೆ ಫೋನ್ ಮಾಡಬೇಕು. ಮರುವರ್ಷ ಅಕ್ಟೋಬರ್‌ನಲ್ಲಿ ಬಳ್ಳಿ ಸವರಿದ ಮೇಲೆ ಮೋಡ ಕವಿದು ತಿಕೋಟಾದ ಆ ಬೆಳೆಗಾರರಿಗೆ ರಾತ್ರಿ ಎರಡಕ್ಕೆ ಎಚ್ಚರವಾದರೆ, ಅವರು ಮೊದಲು ತೆರೆಯಬೇಕಾದದ್ದು ಈ ಪುಟವನ್ನು. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ಹತ್ತು ನಿಮಿಷದ ನಂತರ ಮೈಯಲ್ಲಿ ಏನಿದೆ ಎಂದು ಬರೆದು, ಬೆಳಗಾದ ಮೇಲೆ ಎಂದಿನಂತೆ ತೋಟಕ್ಕೆ ಹೋಗಬೇಕು. ಎರಡು ವಾರ ಹೀಗೆ ಮಾಡಿಯೂ ಇಳಿಯದಿದ್ದರೆ ಅದೇ ಪುಟದ ಕೆಳಗೆ ಬರೆದಿಟ್ಟ ನಂಬರಿಗೆ ಕರೆ ಮಾಡಿ ಇನ್ನೆರಡು ಮೂರು ಭೇಟಿಗೆ ಸಮಯ ಕೇಳಬೇಕು.